ಕಪ್ಪು ಗಡಿಗೆ ಕೆಂಪಾದದ್ದು

ಈ ಕಥೆಯನ್ನು ನಮಗೆ ಮೊದಲು ಹೇಳಿದವಳು ಜಲಜಚಿಕ್ಕಿ, ನಮ್ಮ ಚಿಕ್ಕಪ್ಪನ ಹೆಂಡತಿ. ಅದು ಅರವತ್ತೊಂಬತ್ತನೇ ಇಸವಿಯ ಏಪ್ರಿಲ್ ತಿಂಗಳು, ಹಲಸಿನಕಾಯಿ ಹಪ್ಪಳ ಒತ್ತುವ ದಿನ. ತೀರ್ಥಹಳ್ಳಿಯಿಂದ ಮೂರು ಮೈಲಿ ದೂರದ ನಮ್ಮ ಮನೆಯ ಜಗಲಿಯಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಗಂಡಸರು ರುಚಿ ನೋಡುವ ನೆಪದಲ್ಲಿ ಹಿಟ್ಟಿನ ಉಂಡೆ ನುಂಗುತ್ತ ಸುಳಿದಾಡುತ್ತಿದ್ದರು. ಯಾರದೋ ಮನೆಯ ಲಟ್ಟಣಿಗೆ ಯಾರದೋ ಮನೆಯಲ್ಲಿ ಉಳಿದುಹೋದ ಮಾತು ಬಂತು, ಸಣ್ಣದೊಂದು ಜಗಳವೂ ಆಯಿತು. ಆಗ ಚಿಕ್ಕಿ, "ತಡಿರಿ, ಒಂದು ಗಡಿಗೆ ಕಥೆ ಇದ್ದು. ಬಾಯಲ್ಲಿ ಹೇಳಿದ್ರೆ ನೀವು ನಂಬ್ತಿಲ್ಲೆ, ಓದಿಯೇ ಬಿಡ್ತೆ" ಎಂದು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದಳು. ಮದುವೆಯಾಗಿ ಬರುವಾಗ ತವರಿನಿಂದ ತೊಡೆದೇವು ತುಂಬಿಕೊಂಡು ಬಂದ ಡಬ್ಬಿ. ಈಗ ಅದರ ತುಂಬ ಕಾಗದಗಳು.

ತೊಡೆದೇವು ತಿನ್ನದವರಿಗೆ ಒಂದು ಮಾತು ಹೇಳಬೇಕು. ಒಲೆಯ ಮೇಲೆ ಮಣ್ಣಿನ ಗಡಿಗೆಯನ್ನು ಬೋರಲು ಹಾಕಿ, ಅಕ್ಕಿಹಿಟ್ಟು ಕಬ್ಬಿನಹಾಲು ಕಲಸಿದ ತೆಳು ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಅದರ ಬೆನ್ನಿಗೆ ಬಳಿಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೇಯುತ್ತದೆ. ತುಪ್ಪ ಸವರಿ, ಎಬ್ಬಿಸಿ, ಬಿಸಿಯಿರುವಾಗಲೇ ಮೂರು ಮೂಲೆಗೆ ಮಡಚಬೇಕು. ಸರಿಯಾಗಿ ಬಂದರೆ ಅಂಚೆಕಾಗದಕ್ಕಿಂತ ತೆಳು.

ಕಾಗದ ಬರೆದವರು ಮುಖ್ಯವಾಗಿ ಮೂರು ಜನ, ಒಂದೇ ತಾಯಿಯ ಮಕ್ಕಳು. ದೊಡ್ಡವಳು ಸೀತಮ್ಮ, ಚಿಕ್ಕಿಯ ಅಮ್ಮ, ಮನೆ ಸಾಗರದ ಹತ್ತಿರ. ನಡುವಿನವಳು ಕಾಮಾಕ್ಷಮ್ಮ, ತೀರ್ಥಹಳ್ಳಿ ಪೇಟೆಯವಳು. ಕಿರಿಯವನು ಹರಿಹರ, ಹೊಸನಗರದಲ್ಲಿ ಶಾಲೆಯ ಮೇಷ್ಟ್ರು. ಚಿಕ್ಕಿ ಓದತೊಡಗಿದಳು.

*

ತೀರ್ಥಹಳ್ಳಿ
೯-೨-೧೯೬೬

ಸೀತಕ್ಕನಿಗೆ ಕಾಮಾಕ್ಷಿಯ ನಮಸ್ಕಾರಗಳು. ನಾವೆಲ್ಲ ಕ್ಷೇಮ.

ನನ್ನ ಮಗ ಮಾಣಿಯ ಉಪನಯನ ಚೆನ್ನಾಗಿ ಕಳೆಯಿತು. ನೀನು ಬರದಿದ್ದದ್ದೊಂದೇ ಕೊರತೆ. ನಿನ್ನ ಜ್ವರ ಈಗ ಪೂರ್ತಿ ಬಿಟ್ಟಿತೇ? ನೀನು ಕಳಿಸಿದ ಅಮ್ಮನ ಗಡಿಗೆ ಮಾನ ಉಳಿಸಿತು. ಎರಡು ದಿನ ಕೂತು ನಾನೂರು ತೊಡೆದೇವು ಮಾಡಿದೆವು, ಹರಿದದ್ದು ಎಣಿಸಿ ಏಳು. "ಕಾಮಾಕ್ಷಮ್ಮಾ, ಈ ಗಡಿಗೆ ನಿಮ್ಮ ಕೈಗೇ ಹೇಳಿ ಮಾಡಿಸಿದ ಹಾಗಿದೆ" ಅಂತ ಬಂದವರೆಲ್ಲ ಹೇಳಿದರು. ಅಮ್ಮ ಅದನ್ನು ನಿನಗೆ ಕೊಟ್ಟದ್ದು, ನಿನಗೇ ಇರಲಿ. ನಾನು ಏನೂ ಹೇಳುವುದಿಲ್ಲ.

ನಾಳೆ ಹರಿ ಹೊಸನಗರಕ್ಕೆ ಹೊರಡುತ್ತಾನೆ. ಗಡಿಗೆಯನ್ನು ಒಣಹುಲ್ಲಿನಲ್ಲಿ ಸುತ್ತಿ ಅವನ ಕೈಲಿ ಕಳಿಸುತ್ತಿದ್ದೇನೆ, ನಾಲ್ಕು ದಿನದೊಳಗೆ ಅಲ್ಲಿಂದ ನಿನಗೆ ತಲುಪಿಸುತ್ತಾನೆ. ಜಲಜೆಯ ಮದುವೆಗೆ ಎಂಟು ದಿನ ಮೊದಲೇ ಬರುತ್ತೇನೆ.

ಇತಿ ನಿನ್ನ ತಂಗಿ,
ಕಾಮಾಕ್ಷಿ

*

ಹೊಸನಗರ
೨೦-೨-೧೯೬೬

ಮಾತೃಸಮಾನಳಾದ ಸೀತಕ್ಕನಿಗೆ ಹರಿಹರನ ನಮಸ್ಕಾರಗಳು.

ಗಡಿಗೆಯನ್ನು ಇವತ್ತಿನ ಬಸ್ಸಿನಲ್ಲಿ ಕಂಡಕ್ಟರ್ ನಿಂಗಪ್ಪನ ಕೈಲಿ ಕೊಟ್ಟಿದ್ದೇನೆ. ಭಾವನವರನ್ನು ಸಾಗರದ ನಿಲ್ದಾಣಕ್ಕೆ ಕಳಿಸು. ನಾಲ್ಕು ದಿನದಲ್ಲಿ ಕಳಿಸಬೇಕಾದದ್ದು ಹತ್ತು ದಿನವಾಯಿತು, ಬೇಸರ ಮಾಡಬೇಡ. ನನ್ನಲ್ಲಿದ್ದಷ್ಟು ದಿನ ಅದನ್ನು ಕೈಲಾದಷ್ಟು ಚೆನ್ನಾಗಿ ನೋಡಿಕೊಂಡಿದ್ದೇನೆ.

ಭಾಗೀರಥಿ ಬಾಣಂತನಕ್ಕೆ ತುಮರಿಯ ತವರಿನಲ್ಲೇ ಇದ್ದಾಳೆ. ಮಗು ಚೆನ್ನಾಗಿದೆಯಂತೆ. ನನ್ನ ಊಟ ಹೋಟೆಲಿನಲ್ಲಿ. ಬೆರಳುಗಳ ಸಿಪ್ಪೆಯೆಲ್ಲ ಎದ್ದಿದೆ, ಅಕ್ಷರ ವಕ್ರವಾಗಿದ್ದರೆ ಮನ್ನಿಸು.

ಇತಿ ನಿನ್ನ ತಮ್ಮ,
ಹರಿಹರ

*

ಸಾಗರ
೩-೩-೧೯೬೬

ಚಿ. ಹರಿಹರನಿಗೆ ಸೀತಕ್ಕನ ಆಶೀರ್ವಾದಗಳು.

ಬೆರಳಿಗೆ ಬೆಣ್ಣೆ ಹಚ್ಚು. ಈಗ ನಾನು ಬರೆಯುವುದನ್ನು ಯಾರಿಗೂ ಓದಿ ಹೇಳಬೇಡ.

ಮೊನ್ನೆ ಪಕ್ಕದವರ ಆಲೆಮನೆಯಿಂದ ಒಂದು ಕೊಡ ಕಬ್ಬಿನಹಾಲು ತಂದೆ. ಮದುವೆಯ ತೊಡೆದೇವಿಗೆ ಕೈ ಪಳಗಿಸಿಕೊಳ್ಳೋಣ ಅಂತ ಜಲಜೆಯನ್ನು ಕೂರಿಸಿಕೊಂಡು ಹುಲ್ಲು ಬಿಚ್ಚಿದೆ. ಹರೀ, ನಾನು ಕಳಿಸಿದ್ದು ಕಪ್ಪು ಗಡಿಗೆ, ಒಳಗೆ ಬಂದದ್ದು ಕೆಂಪು ಗಡಿಗೆ! ಹೊಸ ಹೆಂಚಿನ ಹಾಗೆ ಕೆಂಪು. "ಅಮ್ಮಾ, ಇದರ ಮೈಮೇಲೆ ಒಂದು ಚೂರೂ ಎಣ್ಣೆ ಇಲ್ಲೆ" ಅಂದಳು ಜಲಜೆ. ಆದರೂ ಒಲೆಗೆ ಹಾಕಿ ಬಳಿದೆ. ಹಿಟ್ಟು ಗೋಡೆಗೆ ಮೆತ್ತಿದ ಸಗಣಿಯ ಹಾಗೆ ಕೂತಿತು. "ಎದ್ದು ಬತ್ತಿಲ್ಲೆ ಅಮ್ಮಾ" ಅಂತ ಅವಳು ಚಾಕು ತಂದಳು. ಅಮ್ಮನ ಗಡಿಗೆಗೆ ಚಾಕು ಮುಟ್ಟಿಸಿದ್ದು ಯಾರು ಕಂಡಿದ್ದಾರೆ?

ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವಾಗ ಅಮ್ಮನ ಗಡಿಗೆಯ ತೊಡೆದೇವು ಒಂದು ಡಬ್ಬಿ ಹೋಗಬೇಕು. ನಾನು ಕೊಂಡುಹೋದೆ, ಕಾಮಾಕ್ಷಿ ಕೊಂಡುಹೋದಳು. ಮದುವೆ ಮೇ ಐದಕ್ಕೆ. ಬರಿಗೈಯಲ್ಲಿ ಹೋದ ಹುಡುಗಿ ಅಂತ ನನ್ನ ಮಗಳಿಗೆ ಹೆಸರು ಬರಬೇಕೇ?

ಗಡಿಗೆ ಬದಲಾಗಿದೆ. ಬಸ್ಸಿನಲ್ಲಿ ಬದಲಾಗಿರಲಿಕ್ಕಿಲ್ಲ, ನಿಂಗಪ್ಪನಿಗೆ ತೊಡೆದೇವು ಗಡಿಗೆ ಯಾತಕ್ಕೆ? ಆಸೆ ಇದ್ದವಳು ಒಬ್ಬಳೇ. ಅವಳು ಬರೆದ ಕಾಗದ ಇನ್ನೊಮ್ಮೆ ಓದಿದೆ. "ನಿಮ್ಮ ಕೈಗೇ ಹೇಳಿ ಮಾಡಿಸಿದ ಹಾಗಿದೆ" ಎಂದರಂತೆ! ನೀನು ಗುಟ್ಟಾಗಿ ತೀರ್ಥಹಳ್ಳಿಗೆ ಹೋಗಿ ಅವಳ ಅಟ್ಟ ನೋಡಿ ಬಾ.

ಇತಿ,
ಸೀತಕ್ಕ

*

ಹೊಸನಗರ
೯-೩-೧೯೬೬

ಸೀತಕ್ಕನಿಗೆ ನಮಸ್ಕಾರಗಳು.

ಕಾಗದ ತಲುಪಿತು. ನಾಲ್ಕು ಸಲ ಓದಿದೆ. ಕಾಮಾಕ್ಷಕ್ಕನನ್ನು ನೀನು ಏನೂ ಕೇಳಬೇಡ. ಅಟ್ಟ ನೋಡುವ ಅಗತ್ಯವೂ ಇಲ್ಲ.

ಒಂದು ಸಂಗತಿ ತಿಳಿಸು. ಗಡಿಗೆಯ ಮೇಲಿನ ಆ ಕಪ್ಪು ಬರೀ ಮಸಿ ಅಲ್ಲವೇ? ಅದರಿಂದ ಏನಾದರೂ ಉಪಯೋಗ ಇತ್ತೇ? ಮಕ್ಕಳಿಗೆ ಪಾಠ ಮಾಡಲು ಬೇಕಾಗಿತ್ತು.

ಇತಿ,
ಹರಿಹರ

*

"ಪಾಠಕ್ಕೆ ಬೇಕಡ!" ಎಂದು ನಮ್ಮ ದೊಡ್ಡಮ್ಮ ಲಟ್ಟಣಿಗೆ ನಿಲ್ಲಿಸಿದಳು. "ನಿನ್ನ ಮಾವನ ಮೇಲೇ ಅನುಮಾನ ಬತ್ತು ನಂಗೆ."

"ನಿಂಗೆ ಬಂತು. ಅಮ್ಮಂಗೆ ಬರಲ್ಲೆ" ಅಂದಳು ಚಿಕ್ಕಿ. "ಅಡಿಗೆಮನೆ ಹೊಸ್ತಿಲು ದಾಟದ ಗಂಡಸಿನ ಮೇಲೆ ಯಾರಿಗೆ ಅನುಮಾನ ಬತ್ತು?"

*

ಸಾಗರ
೧೪-೩-೧೯೬೬

ಚಿ. ಸೌ. ಕಾಮಾಕ್ಷಿಗೆ,

ಹರಿ ಕೇಳಬೇಡ ಅಂದ. ಅವನಿಗೂ ಗೊತ್ತಿದೆ, ನಿನ್ನ ತಪ್ಪು ಮುಚ್ಚಿಡುತ್ತಿದ್ದಾನೆ ಅಂತ ನನಗೆ ತಿಳಿಯಿತು. ಅದಕ್ಕೇ ಕೇಳುತ್ತೇನೆ.

ಅಮ್ಮನ ಗಡಿಗೆ ಎಲ್ಲಿದೆ?

ನೀನು ಕಳಿಸಿದ ಗಡಿಗೆಯ ಬಾಯಿ ನೋಡಿದೆ. ಅಮ್ಮನ ಗಡಿಗೆಗೆ ಬಾಯಂಚಿನಲ್ಲಿ ಹುಣಸೆಬೀಜದಷ್ಟು ಚೂರು ಹಾರಿತ್ತು. ಇದಕ್ಕೂ ಅಲ್ಲೇ, ಅಷ್ಟೇ ಹಾರಿದೆ. ಮೊದಲು ನೋಡಿ, ಇದು ಅಮ್ಮನದೇ ಇರಬಹುದೇ ಅಂತ ಒಂದು ಗಳಿಗೆ ಮನಸ್ಸು ಕರಗಿತು. ಆಮೇಲೆ ಹೊಳೆಯಿತು. ಹೊಸ ಗಡಿಗೆ ತಂದು, ಅದೇ ಜಾಗದಲ್ಲಿ ಕಲ್ಲಿನಿಂದ ಕುಟ್ಟಿ ಕಳಿಸುವಷ್ಟು ಬುದ್ಧಿ ನಮ್ಮ ಮೂವರಲ್ಲಿ ನಿನಗೊಬ್ಬಳಿಗೇ ಇರುವುದು.

ಅಮ್ಮ ನಿನಗೆ ಬಂಗಾರದ ಮೂಗುಬೊಟ್ಟು ಕೊಟ್ಟಳು, ನನಗೆ ಮಣ್ಣು ಕೊಟ್ಟಳು. ಮಣ್ಣನ್ನೂ ನನ್ನ ಪಾಲಿಗೆ ಬಿಡಲಿಲ್ಲವಲ್ಲ ನೀನು.

ಇತಿ,
ಸೀತೆ

*

ತೀರ್ಥಹಳ್ಳಿ
೨೧-೩-೧೯೬೬

ಸೀತಕ್ಕನಿಗೆ,

ಉಗಾದಿಯ ಮುನ್ನಾದಿನ ನಿನ್ನ ಕಾಗದ ಬಂತು. ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಅಲ್ಲೇ ಕೂತು ಓದಿದೆ. ಹೂರಣ ಇನ್ನೂ ಒರಳಿನಲ್ಲೇ ಇದೆ.

ನಾನು ಹುಲ್ಲು ಸುತ್ತುವಾಗ ಮೂರು ಜನ ನೋಡಿದ್ದಾರೆ. ಕಪ್ಪು ಗಡಿಗೆ, ಹೊಳೆಯುವ ಗಡಿಗೆ. ನನ್ನ ಮನೆಯಿಂದ ಹೊರಟದ್ದು ಅದೇ. ಮುಂದೆ ಹತ್ತು ದಿನ ಹೊಸನಗರದಲ್ಲಿತ್ತು, ಆಮೇಲೆ ಬಸ್ಸು, ಆಮೇಲೆ ಭಾವನ ಕೈ. ಇಷ್ಟು ಜನರನ್ನು ಬಿಟ್ಟು ನೀನು ನನ್ನನ್ನೇ ಹಿಡಿದೆ. ಯಾಕೆ ಅಂತ ನಾನೂ ಯೋಚಿಸಿದೆ.

ನಿಜ ಹೇಳುತ್ತೇನೆ ಕೇಳು. ಗಡಿಗೆ ಬದಲಾಗಿಲ್ಲ, ಗಡಿಗೆಗೆ ಏನೂ ಆಗಿಲ್ಲ. ಜ್ವರ ಬಿಟ್ಟ ಮೇಲೆ ನಿನ್ನ ಬಲಗೈ ನಡುಗುತ್ತದೆ ಅಂತ ಕಳೆದ ತಿಂಗಳು ಬಂದವರೊಬ್ಬರು ಹೇಳಿದರು. ತೊಡೆದೇವು ಎಬ್ಬಿಸಲು ಇನ್ನು ನಿನ್ನ ಕೈಲಿ ಆಗುವುದಿಲ್ಲ. ಅದನ್ನು ಒಪ್ಪಲು ನಾಚಿಕೆ, ಅದಕ್ಕೆ ಗಡಿಗೆಯ ಮೇಲೆ ಹಾಕಿದೆ, ಗಡಿಗೆಯಿಂದ ನನ್ನ ಮೇಲೆ ಹಾಕಿದೆ.

ಜಲಜೆಯ ಮದುವೆಗೆ ನಾನು ಬರುವುದಿಲ್ಲ. ಕಳ್ಳಿ ಬಡಿಸಿದ ಅನ್ನ ನಿಮ್ಮ ಬೀಗರು ಉಣ್ಣಬಾರದು.

ಕಾಮಾಕ್ಷಿ

*

ಚಿಕ್ಕಿ ಕಾಗದವನ್ನು ಮಡಚಿಟ್ಟಳು. "ಈ ಕಾಗದ ಬಂದ ದಿನ ಅಮ್ಮ ನನ್ನ ಎದುರು ಕಾಫಿ ಲೋಟ ಎತ್ತಲ್ಲೆ. ಹಿತ್ತಿಲಿಗೆ ತಗಂಡು ಹೋಗಿ, ಬೆನ್ನು ಹಾಕಿ ಕುಡಿದ್ಲು. ಆವಾಗ ಗೊತ್ತಾತು ನಂಗೆ" ಎಂದು ಮುಂದಿನ ಕಾರ್ಡು ತೆಗೆದಳು.

*

ಹೊಸನಗರ
೨೬-೩-೧೯೬೬

ಸೀತಕ್ಕನಿಗೆ ನಮಸ್ಕಾರಗಳು. ಕಾಮಾಕ್ಷಕ್ಕನೂ ನನಗೆ ಬರೆದಿದ್ದಾಳೆ. ಇಬ್ಬರೂ ಇನ್ನು ಒಂದಕ್ಷರವೂ ಬರೆಯಬೇಡಿ. ಆ ಕೆಂಪು ಗಡಿಗೆಯನ್ನು ನಿಂಗಪ್ಪನ ಕೈಲಿ ಕೂಡಲೇ ನನಗೆ ಕಳಿಸು. ವಿಚಾರಣೆ ಮಾಡುವುದಿದೆ. ಯಾವ ವಿಚಾರಣೆ ಅಂತ ಕೇಳಬೇಡ.

ಹರಿಹರ

*

ಸಾಗರ
೩೧-೩-೧೯೬೬

ಹರಿಹರನಿಗೆ ಆಶೀರ್ವಾದ. ಗಡಿಗೆ ಕಳಿಸಿದ್ದೇನೆ. ಈ ಸಲ ಅದಕ್ಕೊಂದು ಗುರುತು ಮಾಡಿದ್ದೇನೆ. ಎಲ್ಲಿ ಅಂತ ನಿನಗೂ ಹೇಳುವುದಿಲ್ಲ. ಒಡಹುಟ್ಟಿದವರಿಗೆ ಹೀಗೆ ಬರೆಯುವ ಕಾಲ ಬಂತಲ್ಲ.

ಸೀತಕ್ಕ

*

ತುಮರಿ
೪-೪-೧೯೬೬

ಪೂಜ್ಯರಿಗೆ ಭಾಗೀರಥಿಯ ನಮಸ್ಕಾರಗಳು.

ನಿಮ್ಮ ಕಾಗದ ದೋಣಿ ತಪ್ಪಿ ಎರಡು ದಿನ ಆಚೆ ದಡದಲ್ಲೇ ಇತ್ತಂತೆ. ನಾನೂ ಮಗುವೂ ಚೆನ್ನಾಗಿದ್ದೇವೆ. ಮಗುವಿನ ವಿಷಯ ನೀವು ಒಂದೇ ಸಾಲು ಕೇಳಿದ್ದೀರಿ. ಉಳಿದ ಎರಡು ಪುಟ "ಒಬ್ಬರು ತಮ್ಮ ತೊಡೆದೇವು ಗಡಿಗೆಯನ್ನು ಅಂಟುವಾಳ ಹಾಕಿ ತಿಕ್ಕಿದರೆ ಏನಾಗುತ್ತದೆ, ಅದಕ್ಕೆ ಪರಿಹಾರ ಏನು" ಎಂಬುದೇ ಆಗಿದೆ.

ಆ ಒಬ್ಬರು ಯಾರು?

ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ. ನಾನು ತವರಿಗೆ ಬರುವಾಗ ಅಟ್ಟದಲ್ಲಿ ಒಂದು ಬುಟ್ಟಿ ಅಂಟುವಾಳ ಇಟ್ಟು ಬಂದಿದ್ದೆ. ಹೊಸನಗರದ ಪಕ್ಕದ ಮನೆಯ ಬಂಗಾರಮ್ಮ ಮಗು ನೋಡಲು ಬಂದಿದ್ದಳು. "ನಿಮ್ಮ ಯಜಮಾನ್ರು ಫೆಬ್ರವರೀಲಿ ನಾಕು ದಿನ ಬಾವಿಕಟ್ಟೆ ಮೇಲೆ ಕೂತ್ಕಂಡು ಏನೋ ತಿಕ್ಕಿದ್ದೇ ತಿಕ್ಕಿದ್ದು. ಇಟ್ಟಿಗೆ ಪುಡಿ ಬೇಕು ಅಂತ ನಮ್ಮನೆಗೂ ಬಂದಿದ್ರು. ಪಾಪ, ಬೆರಳೆಲ್ಲ ಸುಲ್ದೋಗಿತ್ತು" ಅಂದಳು.

ಎಂಥ ಕೆಲಸ ಮಾಡಿದಿರಿ! ಅದು ಮಸಿ ಅಲ್ಲ. ನಿಮ್ಮ ಅಮ್ಮ, ಅಜ್ಜಿ ಎಣ್ಣೆ ಕುಡಿಸಿ, ತುಪ್ಪ ಕುಡಿಸಿ ನಲವತ್ತು ವರ್ಷ ಪಳಗಿಸಿದ ಮೈ ಅದು. ಅದಿದ್ದರೇ ತೊಡೆದೇವು ಏಳುವುದು.

ಪರಿಹಾರ ಒಂದೇ. ಹರಳೆಣ್ಣೆ ಹಚ್ಚಿ ಸಣ್ಣ ಉರಿಯಲ್ಲಿ ಕಾಯಿಸಿ, ಆರಿಸಿ, ಮತ್ತೆ ಹಚ್ಚಿ. ಹೀಗೆ ಒಂದು ವಾರ. ಆಮೇಲೆ ದಿನಾ ಹಿಟ್ಟು ಬಳಿಯಿರಿ. ಕಬ್ಬಿನಹಾಲಿನ ಕಾಲ ಮುಗಿಯಿತು, ಬೆಲ್ಲದ ನೀರು ಹಾಕಿ. ಮೊದಲ ಐವತ್ತು ಕರುವಿಗೆ. ಬೇರೆ ಯಾರ ಕೈಲಾದರೂ ಮಾಡಿಸೋಣ ಅಂದುಕೊಳ್ಳಬೇಡಿ. ಕೆಡಿಸಿದ ಕೈಯೇ ಮಾಡಲಿ. ಅತ್ತಿಗೆಯರಿಗೆ ನೀವೇ ಬರೆಯಿರಿ. ಏಪ್ರಿಲ್ ಕೊನೆಯೊಳಗೆ ಬರೆಯದಿದ್ದರೆ ನಾನು ಬರೆಯುತ್ತೇನೆ.

ಇತಿ,
ಭಾಗೀರಥಿ

*

ಹೊಸನಗರ
೨೪-೪-೧೯೬೬

ಸೀತಕ್ಕನಿಗೂ ಕಾಮಾಕ್ಷಕ್ಕನಿಗೂ ಹರಿಹರನ ಸಾಷ್ಟಾಂಗ ನಮಸ್ಕಾರಗಳು.

ಇದೇ ಕಾಗದವನ್ನು ಎರಡು ಪ್ರತಿ ಮಾಡಿ ಇಬ್ಬರಿಗೂ ಕಳಿಸುತ್ತಿದ್ದೇನೆ. ಒಂದಕ್ಷರ ಹೆಚ್ಚು ಕಡಿಮೆ ಇಲ್ಲ.

ಗಡಿಗೆಯನ್ನು ಯಾರೂ ಬದಲಾಯಿಸಲಿಲ್ಲ. ನಾನು ತೊಳೆದೆ.

ತೀರ್ಥಹಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ಗಡಿಗೆ ತೊಡೆಯ ಮೇಲಿತ್ತು. ಇಳಿದು ನೋಡಿದರೆ ಬಿಳಿ ಪಂಚೆಯೆಲ್ಲ ಕಪ್ಪು. ಎರವಲು ತಂದ ಪಾತ್ರೆಯನ್ನು ಬೆಳಗಿ ಹಿಂದಿರುಗಿಸಬೇಕು ಅಂತ ಅಮ್ಮ ಹೇಳುತ್ತಿದ್ದದ್ದು ನೆನಪಾಯಿತು. ಉಪನಯನದ ಗಡಿಬಿಡಿಯಲ್ಲಿ ಕಾಮಾಕ್ಷಕ್ಕ ಮರೆತಿದ್ದಾಳೆ, ಸೀತಕ್ಕ ಅವಳನ್ನು ಆಡಿಕೊಳ್ಳಬಾರದು, ಅವಳ ಮರ್ಯಾದೆ ನಾನು ಉಳಿಸುತ್ತೇನೆ ಎಂದುಕೊಂಡೆ. ಬೂದಿನೀರಿನಲ್ಲಿ ಎರಡು ದಿನ ನೆನೆಹಾಕಿ ನಾಲ್ಕು ದಿನ ತಿಕ್ಕಿದೆ. ಕೆಂಪು ಬಣ್ಣ ಕಂಡಾಗ ನನ್ನಷ್ಟು ಸಂತೋಷಪಟ್ಟವರು ಯಾರೂ ಇಲ್ಲ. ನಾನು ತಿಕ್ಕಿದೆ ಅಂತ ಬರೆದರೆ ಗಂಡಸು ಪಾತ್ರೆ ತೊಳೆದ ಅಂತ ಭಾವಂದಿರು ನಗುತ್ತಾರೆ, ಅದಕ್ಕೇ ಬರೆಯಲಿಲ್ಲ.

ಸೀತಕ್ಕನ ಮೊದಲ ಕಾಗದ ಬಂದಾಗಲೇ ಹೇಳಬೇಕಿತ್ತು. ಧೈರ್ಯ ಸಾಲಲಿಲ್ಲ. ಒಂದು ವಾರ ತಡೆದೆ. ಅಷ್ಟರಲ್ಲಿ ನೀವಿಬ್ಬರೂ ಬರೆದುಕೊಂಡಿರಿ. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಗಡಿಗೆ ಕೆಡಿಸಿದ ತಪ್ಪಿಗಿಂತ ಈ ಸುಮ್ಮನಿದ್ದ ತಪ್ಪು ದೊಡ್ಡದು.

ಈಗ ಹದಿನೈದು ದಿನದಿಂದ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಒಲೆಯ ಮುಂದೆ ಕೂರುತ್ತಿದ್ದೇನೆ. ಊರಿನಲ್ಲಿ ನನ್ನ ಮೇಲೂ ಅನುಮಾನ ಹುಟ್ಟಿತು. ಮೊನ್ನೆ ಪಟೇಲ ಭೂತಪ್ಪನವರು ಬಾಗಿಲಲ್ಲಿ ನಿಂತು ಮೂಗು ಅರಳಿಸಿದರು. "ಎಂತ ಮೇಷ್ಟ್ರೇ, ಮನೇಲಿ ಹೆಂಗಸರಿಲ್ಲ. ಒಲೆ ಮೇಲೆ ಗಡಿಗೆ, ಮೂಲೇಲಿ ಬೆಲ್ಲದ ಮೂಟೆ, ದಿನಾ ಹೊಗೆ. ಊರೋರು ಮೇಷ್ಟ್ರು ಕಳ್ಳಭಟ್ಟಿ ಇಳಿಸ್ತಾರೆ ಅಂತಿದ್ದಾರೆ" ಅಂದರು. ನಾನು ಒಂದು ತೊಡೆದೇವು ಕೊಟ್ಟೆ. ತಿಂದು, "ಭಟ್ಟಿ ಅಲ್ಲ ಬಿಡಿ. ಆದ್ರೆ ಇದು ಎಂತದು?" ಅಂದರು. ಆ ದಿನದ್ದು ಅಷ್ಟು ಚೆನ್ನಾಗಿತ್ತು.

ಎಂಬತ್ತಾರು ಹರಿದವು. ಎಂಬತ್ತೇಳನೆಯದು ಇವತ್ತು ಬೆಳಿಗ್ಗೆ ಇಡಿಯಾಗಿ ಎದ್ದಿತು. ಅದನ್ನು ಕತ್ತರಿಸಿ ಅರ್ಧರ್ಧ ಇಬ್ಬರ ಕಾಗದದೊಳಗೂ ಇಟ್ಟಿದ್ದೇನೆ. ಗಡಿಗೆಯ ಬೆನ್ನು ಮತ್ತೆ ಕಪ್ಪಾಗುತ್ತಿದೆ, ಅಂಗೈಯಗಲ. ನಾನೇ ಹೊತ್ತುಕೊಂಡು ಸಾಗರಕ್ಕೆ ಬರುತ್ತೇನೆ.

ಕಾಮಾಕ್ಷಕ್ಕ, ನನ್ನ ಮೇಲೆ ಸಿಟ್ಟಿದ್ದರೆ ನನ್ನ ಮುಖ ನೋಡಬೇಡ. ಆದರೆ ಜಲಜೆಯ ಮದುವೆಗೆ ಬಾ.

ಇತಿ ನಿಮ್ಮ ತಮ್ಮ,
ಹರಿಹರ

*

ತೀರ್ಥಹಳ್ಳಿ
೨೭-೪-೧೯೬೬

ಸೀತಕ್ಕನಿಗೆ ನಮಸ್ಕಾರಗಳು. ಶನಿವಾರದ ಬಸ್ಸಿಗೆ ಹೊರಡುತ್ತೇನೆ. ನಾನು ಮಾರ್ಚಿಯಲ್ಲಿ ಬರೆದ ಕಾಗದವನ್ನು ಒಲೆಗೆ ಹಾಕು. ನಿನ್ನದನ್ನು ನಾನು ಆಗಲೇ ಹಾಕಿದೆ. ತೊಡೆದೇವಿಗೆ ಬೆಲ್ಲ ನಾನು ತರುತ್ತೇನೆ, ನೀನು ಅಕ್ಕಿ ನೆನೆಸಿಡು.

ಕಾಮಾಕ್ಷಿ

*

ಸಾಗರ
೧೨-೫-೧೯೬೬

ಚಿ. ಹರಿಹರನಿಗೆ ಸೀತಕ್ಕನ ಆಶೀರ್ವಾದಗಳು.

ಮದುವೆಯ ಪಾತ್ರೆಯೆಲ್ಲ ತೊಳೆದು ಒಳಗಿಟ್ಟಾಯಿತು. ಯಾವುದನ್ನು ತಿಕ್ಕಬೇಕು, ಯಾವುದನ್ನು ತಿಕ್ಕಬಾರದು ಅಂತ ಭಾವ ಈಗ ಪ್ರತಿಯೊಂದಕ್ಕೂ ಕೇಳುತ್ತಾರೆ. ಕೇಳಿ ನಗುತ್ತಾರೆ. ನೀನೇ ಅನುಭವಿಸಬೇಕು.

ಗುರುತು ಎಲ್ಲಿ ಮಾಡಿದ್ದೆ ಅಂತ ನೀನು ಕೇಳಿದೆ. ಎಲ್ಲಿಯೂ ಮಾಡಿರಲಿಲ್ಲ. ಮಾಡಲು ಕೈ ಬರಲಿಲ್ಲ. ಅಮ್ಮನದೇ ಇದ್ದರೆ ಅಂತ ಒಳಗೆಲ್ಲೋ ಇತ್ತು.

ನಿನ್ನ ಗಂಡಸು ಕೈ ಪಳಗಿಸಿದ ಗಡಿಗೆ ಪರವಾಗಿಲ್ಲ. ನೂರೈವತ್ತು ಮಾಡಿದೆವು, ಅರ್ಧಕ್ಕರ್ಧ ಹರಿಯಿತು. ಡಬ್ಬಿ ತುಂಬಿತು. ಮೊದಲನೆಯದನ್ನು ನಾನು ಬಳಿಯಲು ಕೂತೆ. ಕೋಲು ಎತ್ತಿದೆ. ಕಾಮಾಕ್ಷಿ ನನ್ನ ಕೈಯನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಅವಳು ನನ್ನ ಕೈಯಿಂದ ಕೋಲು ತೆಗೆದುಕೊಂಡಳು. ಅವಳು ಬಳಿದಳು, ನಾನು ಮಡಚಿದೆ. ಮಡಚಲು ಕೈ ನಡುಗಿದರೆ ತೊಂದರೆ ಇಲ್ಲ.

ಇನ್ನೊಂದು ವಿಷಯ. ನೀನು ಇಬ್ಬರಿಗೂ ಕಳಿಸಿದ ಅರ್ಧರ್ಧವನ್ನು ಬಾಳೆಲೆಯ ಮೇಲೆ ಜೋಡಿಸಿ ನೋಡಿದೆವು. ನಡುವೆ ಎರಡು ಬೆರಳಗಲ ಇಲ್ಲ. ಅದು ಎಲ್ಲಿ ಹೋಯಿತು? ಕಾಮಾಕ್ಷಿಗೂ ಅನುಮಾನ ಇದೆ, ನನಗೂ ಇದೆ. ಇಬ್ಬರಿಗೂ ಒಬ್ಬನ ಮೇಲೆಯೇ.

ಇತಿ,
ಸೀತಕ್ಕ

*

ಚಿಕ್ಕಿ ಕಾಗದಗಳನ್ನು ಮಡಚಿ ಡಬ್ಬಿಗೆ ಹಾಕಿದಳು. ನಮ್ಮ ದೊಡ್ಡಮ್ಮ ಬಿಡಲಿಲ್ಲ. "ಅಲ್ದೇ ಜಲಜಾ, ಮಾರ್ಚಿ ಕಾಗದ ಒಲೆಗೆ ಹಾಕಿದ್ದಿ ಅಂತ ಬರದ್ದು ನಿನ್ನ ಚಿಕ್ಕಮ್ಮ. ಮತ್ತೆ ಅದು ಇಲ್ಲಿ ಹ್ಯಾಂಗಿದ್ದು?"

"ಚಿಕ್ಕಮ್ಮ ಸುಡಲ್ಲೆ. ಹೋದ ವರ್ಷ ನನ್ನ ಕೈಗೆ ಕೊಟ್ಟು, ನಿನ್ನ ಅಮ್ಮಂಗೆ ಹೇಳಡ ಅಂದ್ಲು. ಅದೇ ದೀಪಾವಳಿಗೆ ಅಮ್ಮ ತನ್ನ ಹತ್ರ ಇದ್ದಿದ್ದು ಕೊಟ್ಟು, ಚಿಕ್ಕಮ್ಮಂಗೆ ಹೇಳಡ ಅಂದ್ಲು. ಮಾವ ಮಾತ್ರ ತನ್ನ ಕಾಗದಗಳನ್ನೆಲ್ಲ, ಹೆಂಡತಿ ಬೈದಿದ್ದನ್ನೂ ಸೇರಿಸಿ, ಯಾರಿಗೆ ಬೇಕಾದ್ರೂ ಓದು ಅಂದು ಕೊಟ್ಟ."

"ಗಡಿಗೆ?"

"ಆರು ತಿಂಗಳು ಸಾಗರ, ಆರು ತಿಂಗಳು ತೀರ್ಥಹಳ್ಳಿ. ನಿಂಗಪ್ಪ ಅದನ್ನ ಯಾರ ಕೈಲೂ ಮುಟ್ಟಿಸ್ತ್ನಿಲ್ಲೆ. ಹೊಸನಗರದಲ್ಲಿ ಬಸ್ಸು ಹತ್ತು ನಿಮಿಷ ನಿಂತರೂ ಮಡಿಲಲ್ಲೇ ಇಟ್ಕತ್ತ."

ಆ ದಿನದ ಹಪ್ಪಳ ನೂರಕ್ಕೇ ನಿಂತಿತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡಮ್ಮ ಅಟ್ಟ ಹತ್ತಿ ಪಾತ್ರೆಗಳನ್ನು ಒಂದೊಂದೇ ಇಳಿಸುತ್ತಿದ್ದಳು. ಎಂಟು ವರ್ಷದಿಂದ ನಮ್ಮದೆಂದೇ ತಿಳಿದಿದ್ದ ಒಂದು ಲಟ್ಟಣಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಯ ಕಡೆ ಹೋದಳು. ದಾರಿಯಲ್ಲಿ ಪಕ್ಕದ ಮನೆಯಾಕೆ ಎದುರಾದಳಂತೆ, ಅವಳ ಸೆರಗಿನಲ್ಲೂ ಏನೋ ಇತ್ತಂತೆ. ಅಪ್ಪ ಕಾಫಿ ಕುಡಿದು, ಎಂದೂ ಇಲ್ಲದ ಹಾಗೆ, ಲೋಟವನ್ನು ತಾವೇ ಬಾವಿಕಟ್ಟೆಗೆ ಒಯ್ದರು. ಕೈಯಲ್ಲಿ ತೆಂಗಿನ ನಾರು ಹಿಡಿದು ತಡೆದು ನಿಂತರು.

"ಇದನ್ನ ತಿಕ್ಕಲಕ್ಕನೇ?" ಎಂದು ಕೂಗಿ ಕೇಳಿದರು.

"ತಿಕ್ಕಿ" ಅಂದಳು ಅಮ್ಮ. ಹಾಗಂದವಳು ಒಳಗೆ ಹೋಗಲಿಲ್ಲ. ಲೋಟ ಬೆಳಗಿ ಮುಗಿಯುವವರೆಗೂ ಬಾಗಿಲಲ್ಲೇ ನಿಂತು ನೋಡಿದಳು.